ಗಾಡಿ ನಮ್ಮದು, ಎತ್ತು ಯಾರದು?

ಮುಂದಿನ ಕಾಲದ ವಿಮಾನಗಳ ಮಾತು ಈಗ ಬಲು ಜೋರಾಗಿದೆ. ರೇಡಾರಿಗೆ ಸುಲಭವಾಗಿ ಸಿಗದ ವಿಮಾನವಂತೆ, ಚಾಲಕನಿಲ್ಲದ ವಿಮಾನವಂತೆ, ಜಲಜನಕದಿಂದ ಹಾರುವ ವಿಮಾನವಂತೆ! ಹಣ ಮಾತ್ರ ಜನರದು. ಬೆಂಕಿಪೊಟ್ಟಣ ಕೊಂಡವನೂ ಅದಕ್ಕೆ ತೆರಿಗೆ ತೆತ್ತಿದ್ದಾನೆ. ಆದುದರಿಂದ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಎಂಜಿನ್ ಯಾರದು?

1961ರ ಜೂನ್ 17ರಂದು ಬೆಂಗಳೂರಿನಲ್ಲಿ ‘ಮಾರುತ’ ಯುದ್ಧವಿಮಾನ ಹಾರಿತು. ನಕ್ಷೆ ಜರ್ಮನಿಯ ಕುರ್ಟ್ ಟ್ಯಾಂಕರದು. ತಗಡು ಬಡಿದು ರಿವೆಟ್ ಹೊಡೆದು ಕಟ್ಟಿದವರು ನಮ್ಮ ಕೆಲಸಗಾರರು. ಶಬ್ದದ ವೇಗವನ್ನು ಮೀರಲೆಂದೇ ಅದನ್ನು ರೂಪಿಸಿದ್ದರು. ಆದರೆ ಅದಕ್ಕೆ ತಕ್ಕ ಎಂಜಿನ್ನಿನ ಕೆಲಸ ಬ್ರಿಟನ್ನಿನಲ್ಲಿ ಅರ್ಧಕ್ಕೇ ನಿಂತಿತು. ಮುಂದುವರಿಸಲು ಹಣ ಕೊಡುವುದಕ್ಕೆ ನಮ್ಮ ಸರ್ಕಾರವೂ ಒಪ್ಪಲಿಲ್ಲ. ಕಡಿಮೆ ಬಲದ ಎಂಜಿನ್ ಕೂಡಿಸಿದರು. 1971ರ ಯುದ್ಧದಲ್ಲಿ ಮಾರುತ ಕೆಲಸಕ್ಕೆ ಬಂದಿತು ನಿಜ. ಎಣಿಸಿದ ವೇಗ ಮಾತ್ರ ಕೊನೆಯವರೆಗೂ ಬರಲಿಲ್ಲ. 147 ವಿಮಾನಗಳಿಗೇ ಆ ಕಥೆ ಮುಗಿಯಿತು.

ಪಾಠ ಕಲಿತರೇ? 1989ರಲ್ಲಿ 383 ಕೋಟಿ ರೂಪಾಯಿ ಅಂದಾಜಿನಲ್ಲಿ ‘ಕಾವೇರಿ’ ಎಂಜಿನ್ ಕೆಲಸ ಆರಂಭವಾಯಿತು. ಅಂದಾಜು 2,839 ಕೋಟಿಗೆ ಏರಿತೆಂದು ಮಹಾಲೇಖಪಾಲರೇ ಲೆಕ್ಕ ತೋರಿಸಿದರು. ಎತ್ತರದ ಆಕಾಶದಲ್ಲಿ ಅದು ಹೇಗೆ ನಡೆದೀತೆಂದು ಪರೀಕ್ಷಿಸಲು ರಷ್ಯಾಕ್ಕೆ ಒಯ್ಯಬೇಕಾಯಿತು. ಬೇಕಾದಷ್ಟು ಬಲ ಬಾರದ್ದರಿಂದ ‘ತೇಜಸ್’ ಅಮೆರಿಕದ ಎಂಜಿನ್ನಿನಿಂದಲೇ ಹಾರುತ್ತಿದೆ. 2021ರಲ್ಲಿ ಇನ್ನೂ 99 ಎಂಜಿನ್‌ಗಳಿಗೆ ಆರ್ಡರ್ ಕೊಟ್ಟರು. ಅವುಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ! ಸಿದ್ಧವಾದ ವಿಮಾನಗಳು ಎಂಜಿನ್ನಿಗಾಗಿ ಬೆಂಗಳೂರಿನಲ್ಲಿ ಕಾದು ನಿಂತವು. ನೂಲು ಬಾರದೆ ಮಗ್ಗ ನಿಂತರೆ ಏನಾಗುತ್ತದೆಂದು ಗಿರಣಿಯ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ.

‘ಹೊರಗಿನಿಂದ ಕೊಂಡರೇ ಅಗ್ಗ’ ಎನ್ನುವ ಪಂಡಿತರಿದ್ದಾರೆ. ಒಬ್ಬನೇ ಸಗಟು ವ್ಯಾಪಾರಿಯನ್ನು ನಂಬಿದ ಅಂಗಡಿಕಾರನನ್ನು ಅವರು ಕೇಳಲಿ: ಅವನು ಹೇಳಿದ್ದೇ ದರ, ಕಳಿಸಿದಾಗಲೇ ಸರಕು.

ಎಂಜಿನ್ ಮಾಡುವುದು ಸುಲಭವೆಂದು ನಾವು ಹೇಳುತ್ತಿಲ್ಲ. ಲೋಹವೇ ಕರಗುವಷ್ಟು ಬಿಸಿಯಾದ ಗಾಳಿಯಲ್ಲಿ ಅದರ ಅಲಗುಗಳು ತಿರುಗಬೇಕು. ಅಂತಹ ಅಲಗುಗಳನ್ನು ಒಂದೇ ಹರಳಾಗಿ ಎರಕ ಹೊಯ್ಯುವ ವಿದ್ಯೆಯನ್ನು ಹೈದರಾಬಾದಿನ ಸರ್ಕಾರಿ ಲೋಹ ಸಂಶೋಧನಾಲಯ ಸಾಧಿಸಿ, 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗೆಂದು 60 ಅಲಗುಗಳನ್ನು ಮಾಡಿ ಕೊಟ್ಟಿದೆ. ಕೈಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಆಳುವವರ ಛಲಕ್ಕೆ.

2024ರ ಮಾರ್ಚಿನಲ್ಲಿ ಹೊಸ ಯುದ್ಧವಿಮಾನವೊಂದರ ಅಭಿವೃದ್ಧಿಗೆ ಸುಮಾರು 15,000 ಕೋಟಿ ಮಂಜೂರಾಯಿತು. ಅದಕ್ಕೂ ಮೊದಲು ಅಮೆರಿಕದ ಎಂಜಿನ್ನೇ! ಆಮೇಲಿನದನ್ನು ಫ್ರೆಂಚ್ ಕಂಪನಿಯೊಡನೆ ಸೇರಿ ಇಲ್ಲೇ ಮಾಡುತ್ತೇವೆಂದು 2025ರ ಆಗಸ್ಟಿನಲ್ಲಿ ರಕ್ಷಣಾ ಮಂತ್ರಿಗಳು ಸಾರಿದರು. ಸಂತೋಷ. ಆದರೆ ಬರಿಯ ಜೋಡಣೆಯೋ, ವಿದ್ಯೆಯೂ ನಮ್ಮದಾಗುವುದೋ?

ನಾವು ಒತ್ತಾಯಿಸುವುದಿಷ್ಟು: ಒಪ್ಪಂದದಲ್ಲಿ ಯಾವ ವಿದ್ಯೆ ಕೈಸೇರುತ್ತದೆಂಬುದನ್ನು ಸಂಸತ್ತಿನ ಮುಂದಿಡಲಿ. ಎತ್ತರದ ಪರೀಕ್ಷೆಗೆ ಬೇಕಾದ ಪರೀಕ್ಷಾಲಯಕ್ಕೆ ಮೊದಲ ಹಣ ಸಲ್ಲಲಿ. ಮುಂದಿನ ವಿಮಾನವನ್ನು ಆರಿಸುವ ಸಮಿತಿಯಲ್ಲಿ ಅದನ್ನು ಕಟ್ಟುವ ಕಾರ್ಮಿಕರ ಪ್ರತಿನಿಧಿಗೂ ಕುರ್ಚಿಯಿರಲಿ. ಇಷ್ಟೂ ಆಗದಿದ್ದರೆ ಗಾಡಿಗೆ ನಾವು ಎಷ್ಟೇ ಬಣ್ಣ ಬಳಿದರೂ ಎತ್ತಿನವನು ಬಂದಾಗಲೇ ಪಯಣ.