ಗ್ರೂಪ್ ತೆರೆಯುವುದು ಸುಲಭ, ಮುಚ್ಚುವುದು ಹೊಣೆ

2019ರ ಫೆಬ್ರವರಿ ಕೊನೆಯ ವಾರ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಬೆಂಕಿ ನಂದಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳನ್ನೇ ಕರೆಸಬೇಕಾಯಿತು. ಸ್ವಯಂಸೇವಕರು ಬೇಕೆಂಬ ಕರೆಗಳು ಆ ದಿನಗಳಲ್ಲಿ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದವು. ಅವುಗಳ ಜೊತೆಗೇ, ಬೇರೆಲ್ಲೋ ಯಾವಾಗಲೋ ಸುಟ್ಟು ಸತ್ತ ಪ್ರಾಣಿಗಳ ಹಳೆಯ ಚಿತ್ರಗಳು ‘ಬಂಡೀಪುರದ್ದು’ ಎಂಬ ಹೆಸರಿನಲ್ಲಿ ಹರಿದಾಡಿದವು. ಜೀವದಯೆ ಉಳ್ಳ ಯಾರಿಗೇ ಆದರೂ ಅಂಥ ಚಿತ್ರ ಕಂಡೊಡನೆ ನಾಲ್ಕು ಜನರಿಗೆ ಕಳುಹಿಸಬೇಕೆನಿಸುತ್ತದೆ. ಸುಳ್ಳು ಹಬ್ಬುವುದು ಹೀಗೆಯೇ.

ಕಾಡಿನ ಬೆಂಕಿ ಆರುತ್ತದೆ, ಆದರೆ ಅದಕ್ಕಾಗಿ ತೆರೆದ ಗ್ರೂಪ್‌ಗಳು ಉಳಿದುಬಿಡುತ್ತವೆ. ಕೆಲಸ ಮುಗಿದ ಗ್ರೂಪ್‌ಗೆ ಮೊದಲು ಶುಭೋದಯದ ಚಿತ್ರಗಳು ಬರುತ್ತವೆ, ಆಮೇಲೆ ಜಾಹೀರಾತು, ಆಮೇಲೆ ರಾಜಕೀಯ. ಅದನ್ನು ಮುಚ್ಚಬೇಕಾದವರು ಯಾರು, ಯಾವಾಗ, ಹೇಗೆ ಎಂಬ ಪ್ರಶ್ನೆ ಇಂದು ಜೈನ ಸಮಾಜದ ಗ್ರೂಪ್‌ಗಳಿಗೂ ಅನ್ವಯಿಸುತ್ತದೆ.

ಕೆಲಸಕ್ಕೆಂದು ಹುಟ್ಟಿದ ಗ್ರೂಪ್‌ಗಳು

ಮುನಿಸಂಘದ ವಿಹಾರ, ಚಾತುರ್ಮಾಸದ ಆಹಾರದ ಸರದಿ, ಪಂಚಕಲ್ಯಾಣ, ಬಸದಿಯ ಜೀರ್ಣೋದ್ಧಾರ, ವಧೂವರರ ಮಾಹಿತಿ: ಇವೆಲ್ಲಕ್ಕೂ ಒಂದೊಂದು ಗ್ರೂಪ್ ಸಾಮಾನ್ಯವಾಗಿದೆ. ಸಮ್ಮೇದ ಶಿಖರ್ಜಿಯ ವಿಷಯದಲ್ಲಿ ದೇಶದಾದ್ಯಂತ ಸಮಾಜ ಬೀದಿಗಿಳಿದಾಗಲೂ ಕರೆಗಳು ಹರಡಿದ್ದು ಮೊಬೈಲ್‌ನಲ್ಲೇ. 2019ರ ಆಗಸ್ಟ್ 2ರ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಯಡಿ ಪಾರಸನಾಥ ಬೆಟ್ಟದಲ್ಲಿ ಪ್ರವಾಸೋದ್ಯಮ ಚಟುವಟಿಕೆಗೆ ಇದ್ದ ಅವಕಾಶವನ್ನು ಕೇಂದ್ರ ಪರಿಸರ ಸಚಿವಾಲಯ 2023ರ ಜನವರಿ 5ರಂದು ತಡೆಹಿಡಿಯಿತು. ಅಂದೇ ಹಲವು ಹೋರಾಟದ ಗ್ರೂಪ್‌ಗಳ ತಕ್ಷಣದ ಉದ್ದೇಶ ಈಡೇರಿತ್ತು. ಮುಂದುವರಿಸಬೇಕಿದ್ದರೆ ಹೊಸ ಉದ್ದೇಶ ಹೇಳಿ ಮುಂದುವರಿಸಬೇಕು, ಇಲ್ಲವಾದರೆ ಮುಚ್ಚಬೇಕು. ಎರಡೂ ಮಾಡದೆ ಬಿಟ್ಟ ಗ್ರೂಪ್ ಯಜಮಾನನಿಲ್ಲದ ಮನೆಯಂತೆ.

ಹಾಗೆಂದು ಸಿಟ್ಟಿನಲ್ಲಿ ಒಂದೇ ರಾತ್ರಿಗೆ ಮುಚ್ಚುವುದೂ ಸರಿಯಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಭಾಗವನ್ನೇ ನೋಡಬಹುದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ಕಟ್ಟಿಸಿದ ಬಸದಿ ಚಾಮರಾಜನಗರದಲ್ಲಿದೆ; ಕನಕಗಿರಿ ಕ್ಷೇತ್ರ ಹತ್ತಿರದ ಮಲೆಯೂರಿನಲ್ಲಿದೆ. ಕ್ಷೇತ್ರ ದೊಡ್ಡದು, ಮನೆಗಳು ಚದುರಿವೆ. ಬಂಡೀಪುರ ಕಾಡಿನ ಆಚೆ ವಯನಾಡಿನ ಸುಲ್ತಾನ್ ಬತ್ತೇರಿ, ಕಲ್ಪೆಟ್ಟದ ಜೈನ ಕುಟುಂಬಗಳಿಗೆ ಕರ್ನಾಟಕದೊಂದಿಗೆ ಹಳೆಯ ನಂಟಿದೆ. ನಡುವಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸಾವಿನ ಸುದ್ದಿ ಸಂಜೆ ಐದಕ್ಕೆ ತಲುಪುವುದಕ್ಕೂ ರಾತ್ರಿ ಹತ್ತಕ್ಕೆ ತಲುಪುವುದಕ್ಕೂ ಇಲ್ಲಿ ಬಹಳ ವ್ಯತ್ಯಾಸ. ಇಂಥ ಕಡೆ ಗ್ರೂಪ್ ಏಕಾಏಕಿ ಇಲ್ಲವಾದರೆ ಮೊದಲು ಸಂಪರ್ಕ ತಪ್ಪುವುದು ಒಂಟಿಯಾಗಿರುವ ಹಿರಿಯರಿಗೆ.

ಮುರ್ಕಿಯ ಎಚ್ಚರಿಕೆ

ಹೊಣೆ ಮರೆತ ಗ್ರೂಪ್ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕರ್ನಾಟಕ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದವರ ಮೇಲೆ ಬಿದ್ದು ಒಬ್ಬ ಯುವಕನನ್ನು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಬಂಧಿತರಲ್ಲಿ ವಾಟ್ಸಾಪ್ ಗ್ರೂಪೊಂದರ ಅಡ್ಮಿನ್ ಕೂಡ ಇದ್ದರು. ದೇಶದ ಹಲವೆಡೆ ಇಂಥ ಘಟನೆಗಳು ನಡೆದ ಮೇಲೆ, ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತರಲು ಮುಂದಾಯಿತು.

ಅಂದಮಾತ್ರಕ್ಕೆ ಸದಸ್ಯರು ಹಾಕಿದ ಪ್ರತಿಯೊಂದು ಸಂದೇಶಕ್ಕೂ ಅಡ್ಮಿನ್ ಅಪರಾಧಿಯಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನು ಸ್ಪಷ್ಟಪಡಿಸಿವೆ. ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರವಿದೆ ಎಂಬ ಒಂದೇ ಕಾರಣಕ್ಕೆ, ಬೇರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶದ ಕ್ರಿಮಿನಲ್ ಹೊಣೆ ಅಡ್ಮಿನ್ ಮೇಲೆ ಬರುವುದಿಲ್ಲ. ಅವರ ಉದ್ದೇಶವೂ ಸೇರಿತ್ತೆಂದು ತೋರಿದರೆ ಮಾತು ಬೇರೆ. ಆದ್ದರಿಂದ ಹೆದರಿ ಗ್ರೂಪ್ ಮುಚ್ಚಬೇಕಾಗಿಲ್ಲ. ಆದರೆ ಕಾನೂನಿನ ಹೊಣೆ ಇಲ್ಲವೆಂದರೆ ಸಮಾಜದ ಹೊಣೆಯೂ ಇಲ್ಲವೆಂದಲ್ಲ. ಭಾಷಾ ಸಮಿತಿಯನ್ನು ಬಾಲ್ಯದಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಚ್ಚುವ ಮೊದಲು ಬೀಗ

ಪ್ರತಿ ಜಗಳಕ್ಕೂ ಮುಚ್ಚುವುದೇ ಪರಿಹಾರವಲ್ಲ. ಅಡ್ಮಿನ್ ಮಾತ್ರ ಸಂದೇಶ ಕಳುಹಿಸುವ ವ್ಯವಸ್ಥೆ ವಾಟ್ಸಾಪ್‌ನಲ್ಲಿ 2018ರಿಂದಲೇ ಇದೆ. 2019ರ ನವೆಂಬರ್ 9ರಂದು ಅಯೋಧ್ಯೆ ತೀರ್ಪು ಬರುವ ಮುನ್ನ ದೇಶದ ಎಷ್ಟೋ ಗ್ರೂಪ್‌ಗಳ ಅಡ್ಮಿನ್‌ಗಳು ಇದನ್ನೇ ಬಳಸಿದರು. ಮಾತು ಬಿಸಿಯಾದಾಗ ನಾಲ್ಕು ದಿನ ಹೀಗೆ ಬೀಗ ಹಾಕಿ, ತಣ್ಣಗಾದ ಮೇಲೆ ತೆರೆಯಬಹುದು. ಸುಳ್ಳು ಸುದ್ದಿ ಬಂದರೆ ಅಡ್ಮಿನ್ ಅದನ್ನು ಎಲ್ಲರಿಗೂ ಅಳಿಸುವ ಅನುಕೂಲವೂ ಈಗಿದೆ.

ಉದ್ದೇಶ ಮುಗಿದಿದ್ದರೆ, ನಡೆಸುವವರಿಗೆ ಸಮಯವಿಲ್ಲದಿದ್ದರೆ, ಅಥವಾ ಎಷ್ಟು ಹೇಳಿದರೂ ವೈಷಮ್ಯ ನಿಲ್ಲದಿದ್ದರೆ ಮುಚ್ಚುವುದೇ ಒಳ್ಳೆಯದು. ಆಗ ಗಮನಿಸಬೇಕಾದ್ದು ಇಷ್ಟು.

ಮೊದಲನೆಯದು ಮುನ್ಸೂಚನೆ. ಕನಿಷ್ಠ ಒಂದು ವಾರ ಮೊದಲು ದಿನಾಂಕ, ಕಾರಣ ಎರಡನ್ನೂ ತಿಳಿಸಬೇಕು. ಕಾರಣ ಹೇಳುವಾಗ ಯಾರ ಹೆಸರನ್ನೂ ಎತ್ತಬಾರದು. ಮುಂದೆ ಮಾಹಿತಿಗೆ ಯಾರನ್ನು ಕೇಳಬೇಕೆಂದು ಬಸದಿಯ ಅಥವಾ ಸಮಿತಿಯ ದೂರವಾಣಿ ಸಂಖ್ಯೆ ಕೊಡಬೇಕು. ಗ್ರೂಪ್ ಬಿಟ್ಟರೆ ಬೇರೆ ದಾರಿಯಿಲ್ಲದ ಹಿರಿಯರಿಗೆ ಫೋನ್ ಮಾಡಿಯೇ ತಿಳಿಸುವುದು ಮೇಲು.

ಎರಡನೆಯದು ಲೆಕ್ಕ. ಗ್ರೂಪ್ ಮೂಲಕ ದೇಣಿಗೆ ಬಂದಿದ್ದರೆ ಜಮೆ, ಖರ್ಚು, ಉಳಿಕೆ ಮೂರನ್ನೂ ಬರೆದು ಹಾಕಿ, ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆಯೇ ಮುಚ್ಚಬೇಕು. ಲೆಕ್ಕ ಕೊಡದೆ ಮುಚ್ಚಿದ ಗ್ರೂಪ್ ಒಂದು ರೂಪಾಯಿ ತಪ್ಪಿಲ್ಲದಿದ್ದರೂ ಅನುಮಾನ ಉಳಿಸುತ್ತದೆ. ಮುಂದಿನ ಬಾರಿ ದೇಣಿಗೆ ಕೇಳಲು ಹೋಗುವವರು ಅದರ ಫಲ ಉಣ್ಣಬೇಕಾಗುತ್ತದೆ.

ಮೂರನೆಯದು ದಾಖಲೆ. ಬಸದಿಗಳ ಹಳೆಯ ಫೋಟೊ, ಶಾಸನದ ಚಿತ್ರ, ಪ್ರವಚನದ ಧ್ವನಿಮುದ್ರಣ ಎಷ್ಟೋ ಕಡೆ ಗ್ರೂಪ್‌ನಲ್ಲಿ ಮಾತ್ರ ಇರುತ್ತವೆ. ಯಾಹೂ ಗ್ರೂಪ್ಸ್ ತನ್ನಲ್ಲಿದ್ದ ಹಳೆಯ ಸಂಗ್ರಹಗಳನ್ನು ಅಳಿಸಿತು. 2020ರ ಡಿಸೆಂಬರ್ 15ಕ್ಕೆ ಸೇವೆಯೇ ನಿಂತಿತು. ಮೊದಲೇ ತೆಗೆದಿಟ್ಟುಕೊಳ್ಳದವರಿಗೆ ವರ್ಷಗಳ ಬರಹ ಸಿಗದೆ ಹೋಯಿತು. ವಾಟ್ಸಾಪ್‌ನಲ್ಲಿ ‘ಎಕ್ಸ್‌ಪೋರ್ಟ್ ಚಾಟ್’ ಬಳಸಿ ಪ್ರತಿ ಇಟ್ಟುಕೊಳ್ಳಬಹುದು. ಮನೆಮಂದಿಯ ಖಾಸಗಿ ವಿವರ, ಜಾತಕ, ಫೋನ್ ಸಂಖ್ಯೆಗಳನ್ನು ಮಾತ್ರ ಯಾರಿಗೂ ಹಂಚಬಾರದು.

ನಾಲ್ಕನೆಯದು ಕ್ರಮ. ಅಡ್ಮಿನ್ ಸುಮ್ಮನೆ ಹೊರಬಂದರೆ ಗ್ರೂಪ್ ಮುಚ್ಚುವುದಿಲ್ಲ. ಬೇರೆ ಅಡ್ಮಿನ್ ಇಲ್ಲದಿದ್ದರೆ ಉಳಿದ ಸದಸ್ಯರಲ್ಲಿ ಒಬ್ಬರು ತಾನಾಗಿಯೇ ಅಡ್ಮಿನ್ ಆಗುತ್ತಾರೆ. ಬಸದಿಯ ಹೆಸರು, ಚಿತ್ರ ಹೊತ್ತ ಗ್ರೂಪ್ ಯಾರದೋ ಕೈಗೆ ಹೋಗುತ್ತದೆ. ಆಹ್ವಾನದ ಲಿಂಕ್ ರದ್ದು ಮಾಡಿ, ಸಂದೇಶಕ್ಕೆ ಬೀಗ ಹಾಕಿ, ಸದಸ್ಯರನ್ನೆಲ್ಲ ತೆಗೆದು, ಕೊನೆಗೆ ಅಡ್ಮಿನ್ ಹೊರಬರಬೇಕು. ಹೀಗೆ ಮಾಡಿದರೂ ಸದಸ್ಯರ ಮೊಬೈಲ್‌ನಲ್ಲಿ ಈಗಾಗಲೇ ಇರುವ ಸಂದೇಶಗಳು ಅಳಿಯುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಮುಚ್ಚಲು ಹೋಗಬಾರದು. ಗ್ರೂಪ್‌ನ ಸಂದೇಶದ ಮೇಲೆ ಪೊಲೀಸ್ ದೂರು ದಾಖಲಾಗಿದ್ದರೆ, ಆಗ ಅಳಿಸುವುದು ಸಾಕ್ಷ್ಯ ನಾಶದ ಆರೋಪಕ್ಕೆ ದಾರಿಯಾದೀತು; ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಂ ಅದಕ್ಕೇ ಇದೆ. ಬೀಗ ಹಾಕಿ, ಇದ್ದದ್ದನ್ನು ಇದ್ದಂತೆ ಉಳಿಸಿ, ವಕೀಲರನ್ನು ಕೇಳುವುದು ಸರಿಯಾದ ದಾರಿ.

ಕೊನೆಯ ಸಂದೇಶ ಉದ್ದವಾಗಿರಬೇಕಿಲ್ಲ. ‘ಜೈ ಜಿನೇಂದ್ರ. ಚಾತುರ್ಮಾಸದ ವ್ಯವಸ್ಥೆಗೆಂದು ತೆರೆದ ಈ ಗ್ರೂಪ್ ಬರುವ ಭಾನುವಾರ ಸಂಜೆ ಮುಚ್ಚುತ್ತದೆ. ಲೆಕ್ಕಪತ್ರ ಮೇಲೆ ಹಾಕಿದೆ, ಪ್ರತಿ ಬಸದಿಯಲ್ಲಿದೆ. ಫೋಟೊಗಳನ್ನು ಶನಿವಾರದೊಳಗೆ ತೆಗೆದಿಟ್ಟುಕೊಳ್ಳಿ. ಸಹಕರಿಸಿದ ಎಲ್ಲರಿಗೂ ಧನ್ಯವಾದ, ಮಾತಿನಲ್ಲಿ ನೋವಾಗಿದ್ದರೆ ಕ್ಷಮೆ ಇರಲಿ.’ ಇಷ್ಟು ಬರೆದು ಮುಚ್ಚಿದರೆ ಮುಂದಿನ ವರ್ಷ ಹೊಸ ಗ್ರೂಪ್ ತೆರೆದಾಗ ಅದೇ ಜನ ಮತ್ತೆ ಸೇರುತ್ತಾರೆ.