ಹಳೇ ಚಿಮಣಿಗೆ ಸಿಮೆಂಟ್ ಮದ್ದಲ್ಲ

ಮಳೆ ಹಿಂದೆಗೆದು ಚಳಿ ಇಳಿಯುವ ಹೊತ್ತಿಗೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಗೆ ಮತ್ತೆ ಬೆಂಕಿ ಬೀಳುತ್ತದೆ. ಹೋಂಸ್ಟೇಗಳಾದ ಬಂಗಲೆಗಳಲ್ಲಂತೂ ಅತಿಥಿಗಳಿಗೆ ಅದೇ ದೊಡ್ಡ ಆಕರ್ಷಣೆ. ಅಗ್ಗಿಷ್ಟಿಕೆಯ ಮುಂಭಾಗಕ್ಕೆ ಪಾಲಿಶ್ ಹೊಡೆಸುವ ಮಾಲೀಕರು ಮಾಡು ಹತ್ತಿ ಚಿಮಣಿ ನೋಡುವುದು ಮಾತ್ರ ಅಪರೂಪ. ಹೆಂಚಿನಡಿ ನೀರು ಸೋರಿದಾಗಲೇ ಅದರ ನೆನಪು. ಆಗ ಬರುವ ಮೇಸ್ತ್ರಿ ಸಿಮೆಂಟ್ ಕಲಸಿ, ಬಿರುಕಿಗೆ ಬಳಿದು ಹೋಗುತ್ತಾನೆ.

ತೊಂದರೆ ಅಲ್ಲಿಂದಲೇ ಶುರು.

ಮನೆಯ ಮಿಕ್ಕ ಗೋಡೆಗಳಿಗೆ ಮಾಡಿನ ಮರೆಯಿದೆ. ಹೆಂಚಿನಿಂದ ಮೇಲೆದ್ದ ಚಿಮಣಿಗೆ ಅದಿಲ್ಲ. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಯನ್ನು ಅದು ನಾಲ್ಕೂ ಕಡೆಯಿಂದ ಎದುರಿಸಬೇಕು. ಒಳಗೆ ಬೆಂಕಿಯ ಕಾವು ಬೇರೆ. ಇದೆಲ್ಲ ತಿಳಿದೇ ಹಿಂದಿನವರು ಸುಣ್ಣದ ಗಾರೆಯಲ್ಲಿ ಕಟ್ಟಿದರು. ಸುಣ್ಣ, ಮರಳು, ಇಟ್ಟಿಗೆ ಪುಡಿಯ ಸುರ್ಕಿ, ಕೆಲವು ಕಡೆ ಬೆಲ್ಲ, ಅಳಲೆಕಾಯಿಯ ನೀರು. ಈ ಗಾರೆ ಇಟ್ಟಿಗೆಗಿಂತ ಮೆದು. ಗೋಡೆ ಕುಡಿದ ನೀರು ಸಂದುಗಳ ಮೂಲಕವೇ ಆರಿಹೋಗುತ್ತದೆ. ಸವೆದರೆ ಸಂದಿನ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ.

ಸಿಮೆಂಟ್ ಬಳಿದರೆ ಲೆಕ್ಕ ತಲೆಕೆಳಗು. ಗಟ್ಟಿ ಸಂದು ನೀರನ್ನು ಹೊರಬಿಡದು. ಒಳಗುಳಿದ ತೇವಕ್ಕೆ ಹೊಗೆಮಸಿಯ ಲವಣ ಸೇರಿ, ಒಣಗುವಾಗ ಇಟ್ಟಿಗೆಯ ಮೈಯಲ್ಲಿ ಹರಳುಗಟ್ಟುತ್ತದೆ. ಮೇಲ್ಪದರ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ನೋಡಿದರೆ ಸಿಮೆಂಟಿನ ಗೆರೆ ಉಬ್ಬಿ ನಿಂತಿರುತ್ತದೆ, ಇಟ್ಟಿಗೆ ಒಳಗೆ ಗುಳಿಬಿದ್ದಿರುತ್ತದೆ. ಬಿರುಕಿನಲ್ಲಿ ಹಕ್ಕಿ ಹಿಕ್ಕೆಯಿಂದ ಅರಳಿಯೋ ಅತ್ತಿಯೋ ಚಿಗುರಿದರಂತೂ ಮುಗಿಯಿತು.

ಸರಿಯಾದ ದುರಸ್ತಿ ನಿಧಾನದ ಕೆಲಸ. ಸಡಿಲಾದ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕಾದರೂ ಕೆದಕಬೇಕು, ಅದೂ ಉಳಿ ಸುತ್ತಿಗೆಯಿಂದ. ಕಟಿಂಗ್ ಮಷಿನ್ ಇಟ್ಟರೆ ಇಟ್ಟಿಗೆಯ ಅಂಚೂ ಹೋಗುತ್ತದೆ. ದೂಳು ತೊಳೆದು, ಇಟ್ಟಿಗೆ ನೆನೆಸಿ, ಹಳೆಯ ಗಾರೆಗೆ ಹೊಂದುವ ಸುಣ್ಣದ ಗಾರೆಯನ್ನು ಪದರ ಪದರವಾಗಿ ಒತ್ತಬೇಕು. ಆಮೇಲೆ ಒದ್ದೆ ಗೋಣಿ ಹೊದಿಸಿ ದಿನಗಟ್ಟಲೆ ತೇವ ಕಾಯಬೇಕು. ಬಿಸಿಲಿಗೆ ಬಿಟ್ಟರೆ ಸುಣ್ಣ ಪುಡಿಯಾಗುತ್ತದೆ. ನೆತ್ತಿಯ ಹೊದಿಕೆಗೆ ಇಳಿಜಾರು, ಹೆಂಚು ಸೇರುವಲ್ಲಿ ತಗಡಿನ ಪಟ್ಟಿ ಇವೆರಡನ್ನೂ ಮರೆತರೆ ಪಟ್ಟ ಪಾಡೆಲ್ಲ ದಂಡ.

ಇದನ್ನು ಮಾಡಬಲ್ಲ ಗಾರೆ ಕೆಲಸದವರು ಎಲ್ಲಿದ್ದಾರೆ ಎಂಬುದು ನ್ಯಾಯವಾದ ಪ್ರಶ್ನೆ. ಸಿಮೆಂಟ್ ಹಚ್ಚುವ ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಬೇರೆ ಕಲಿಸಿದವರಿಲ್ಲ. ವಿಕ್ಟೋರಿಯಾ ಕಾಲದ ಮನೆಗಳು ತುಂಬಿರುವ ಬ್ರಿಟನ್ನಿನಲ್ಲಿ, 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಕಟ್ಟಿದ ಹಳೆ ಕಟ್ಟಡ ರಕ್ಷಣೆಯ ಸಂಘ ಇಂದಿಗೂ ಸುಣ್ಣದ ಕೆಲಸಕ್ಕೆ ತರಬೇತಿ ಕೊಡುತ್ತದೆ. ಮಲೆನಾಡಿನ ಐಟಿಐಗಳು ಸುಣ್ಣದ ಗಾರೆಗೆಂದೇ ಒಂದು ಚಿಕ್ಕ ಕೋರ್ಸ್ ನಡೆಸಲು ದೊಡ್ಡ ಬಜೆಟ್ ಏನೂ ಬೇಕಿಲ್ಲ.

ಚಿಮಣಿ ದುರಸ್ತಿ ಬರೀ ಅಂದಚಂದದ ಮಾತೂ ಅಲ್ಲ. ಒಳಗೋಡೆ ಬಿರುಕುಬಿಟ್ಟ ಚಿಮಣಿಯಿಂದ ಕಿಡಿ ಅಟ್ಟದ ಮರಕ್ಕೆ ತಾಗಬಹುದು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ನುಗ್ಗಬಹುದು. ಹೋಂಸ್ಟೇ ನೋಂದಣಿಗೆ ಮುನ್ನ ಅಗ್ಗಿಷ್ಟಿಕೆಯಿರುವ ಮನೆಗಳಲ್ಲಿ ಚಿಮಣಿ ತಪಾಸಣೆಯನ್ನು ಸರ್ಕಾರ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಮಾಲೀಕರೇ ಅನುಭವಸ್ಥರನ್ನು ಕರೆಸಿ, ಗೂಡು, ಜೇನುಹುಟ್ಟು ತೆಗೆಸಿ, ಹೊಗೆ ಹಾಯಿಸಿ ಎಲ್ಲಿ ಸೋರುತ್ತದೆಂದು ನೋಡಿಸಲಿ. ಆ ಪರೀಕ್ಷೆ ಆಗುವ ತನಕ ಅತಿಥಿಗಳಿಗೆ ಇನ್ನೊಂದು ಕಂಬಳಿ ಕೊಡಿ, ಬೆಂಕಿ ಹಚ್ಚಬೇಡಿ.