ಹಳದಿ ಪಟ್ಟಿಯನ್ನು ಓದುವವರು ಯಾರು?

"ಕರಡೇ ಛೇ?"

ಅಹಮದಾಬಾದಿನ ಅಪಾರ್ಟ್‌ಮೆಂಟಿನ ಲಿಫ್ಟಿಗೆ ನಾಯಿಯೊಂದು ಕಾಲಿಟ್ಟರೆ ಮೊದಲು ಕೇಳಿಬರುವ ಮಾತು ಇದು. ಕಚ್ಚುತ್ತಾ? ನಾಯಿಯ ಪಟ್ಟಿ ಹಿಡಿದವರ ಉತ್ತರವೂ ಸಿದ್ಧವಾಗಿರುತ್ತದೆ: "ಕಾಂಈ ನಹೀ ಕರೇ." ಏನೂ ಮಾಡಲ್ಲ. ಬೆಂಗಳೂರಿನ ಜಯನಗರದಲ್ಲಾಗಲಿ, ಸೂರತ್‌ನ ವೇಸುವಿನಲ್ಲಾಗಲಿ ಸಂಭಾಷಣೆ ಇದೇ. ನಾಯಿಯ ಪರವಾಗಿ ಮನುಷ್ಯ ಭರವಸೆ ಕೊಟ್ಟುಬಿಡುತ್ತಾನೆ. ಅಷ್ಟರಲ್ಲಿ ನಾಯಿ ತನ್ನದೇ ಉತ್ತರವನ್ನು ಹೇಳುತ್ತಿರುತ್ತದೆ: ಕಿವಿ ಹಿಂದಕ್ಕೆ ಮಡಚಿದೆ, ಬಾಲ ಕಾಲಸಂದಿಗೆ ಸೇರಿದೆ, ಮುಖ ಗೋಡೆಯ ಕಡೆ ತಿರುಗಿದೆ, ನಾಲಿಗೆ ಮತ್ತೆ ಮತ್ತೆ ಮೂಗನ್ನು ಸವರುತ್ತಿದೆ. ನನ್ನನ್ನು ನನ್ನಷ್ಟಕ್ಕೆ ಬಿಡಿ ಎನ್ನುತ್ತಿದೆ ಅದು. ಲಿಫ್ಟಿನಲ್ಲಿರುವ ಮಗುವಿಗೆ ಇದನ್ನು ಓದುವುದು ಗೊತ್ತಿಲ್ಲ. ಎಷ್ಟೋ ಸಲ ಸಾಕಿದವರಿಗೂ ಗೊತ್ತಿರುವುದಿಲ್ಲ.

ನಾಯಿ ಹೇಳುವುದನ್ನು ಬಣ್ಣದಿಂದ ಹೇಳಿಸಬಹುದೆಂಬ ಯೋಚನೆ ಹುಟ್ಟಿದ್ದು ಇಂಥ ಕೊರತೆಯಿಂದಲೇ. 2012ರಲ್ಲಿ ಸ್ವೀಡನ್ನಿನ ಇವಾ ಆಲಿವರ್ಸನ್ ಅದನ್ನು ಒಂದು ಆಂದೋಲನವನ್ನಾಗಿ ಮಾಡಿದರು. ಲೀಡಿಗೆ ಹಳದಿ ರಿಬ್ಬನ್ ಕಟ್ಟಿದ್ದರೆ 'ಈ ನಾಯಿಗೆ ಸ್ವಲ್ಪ ಜಾಗ ಬಿಡಿ' ಎಂದು ಅರ್ಥ. ಕಾರಣ ಏನು ಬೇಕಾದರೂ ಇರಬಹುದು. ಶಸ್ತ್ರಚಿಕಿತ್ಸೆಯ ಹೊಲಿಗೆ ಇನ್ನೂ ಮಾಗಿಲ್ಲ, ವಯಸ್ಸಾಗಿ ಸೊಂಟ ನೋಯುತ್ತಿದೆ, ಹಿಂದಿನ ಮನೆಯಲ್ಲಿ ಹೊಡೆತ ತಿಂದು ಬಂದಿದೆ, ಬೆದೆಗೆ ಬಂದಿದೆ, ತರಬೇತಿ ನಡೆಯುತ್ತಿದೆ. ಅದೇ ಕಾಲಕ್ಕೆ ಕೆನಡಾದಲ್ಲಿ 'ಯೆಲ್ಲೊ ಡಾಗ್ ಪ್ರಾಜೆಕ್ಟ್' ಶುರುವಾಯಿತು. ಆಮೇಲೆ ಹಾರ್ನೆಸ್ ಮಾರುವವರು ಹಳದಿಯ ಪಕ್ಕ ಇಡೀ ಬಣ್ಣದ ಪೆಟ್ಟಿಗೆಯನ್ನೇ ತಂದಿಟ್ಟರು: ಕೆಂಪು ಎಂದರೆ ಹತ್ತಿರ ಬರಬೇಡಿ, ಕಿತ್ತಳೆ ಎಂದರೆ ಬೇರೆ ನಾಯಿಗಳನ್ನು ತರಬೇಡಿ, ಹಸಿರು ಎಂದರೆ ಎಲ್ಲರೊಂದಿಗೂ ಸ್ನೇಹ, ಬಿಳಿ ಎಂದರೆ ಕಣ್ಣು ಕಾಣದು ಇಲ್ಲವೇ ಕಿವಿ ಕೇಳದು. ಇವುಗಳ ಹಿಂದೆ ಯಾವ ಸರ್ಕಾರದ ಕಾನೂನೂ ಇಲ್ಲ, ಮಾರುವವರೆಲ್ಲ ಒಂದೇ ಪಟ್ಟಿಯನ್ನು ಒಪ್ಪಿಕೊಂಡೂ ಇಲ್ಲ.

ನಾಯಿಗೆ ಈ ಬಣ್ಣಗಳು ಬಹುಪಾಲು ಕಾಣುವುದೂ ಇಲ್ಲ. ಅದರ ಕಣ್ಣಿಗೆ ನೀಲಿ ಮತ್ತು ಹಳದಿಯ ಭೇದ ತಿಳಿಯುತ್ತದೆ, ಕೆಂಪು ಹಸಿರುಗಳ ಭೇದ ಮಸುಕಾಗುತ್ತದೆ ಎಂದು 1989ರಲ್ಲಿ ಕ್ಯಾಲಿಫೋರ್ನಿಯಾದ ಜೇ ನೈಟ್ಜ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ತೋರಿಸಿದರು. ಹಾರ್ನೆಸ್ಸಿನ ಬಣ್ಣ ಮನುಷ್ಯರು ಮನುಷ್ಯರಿಗೇ ಬರೆಯುವ ಚೀಟಿ. ಓದುವವರಿಗೆ ಲಿಪಿ ಬಾರದಿದ್ದರೆ ಚೀಟಿ ಬರೆದು ಏನು ಪ್ರಯೋಜನ?

ಗುಜರಾತಿನ ಮೂರು ದೊಡ್ಡ ನಗರಗಳಲ್ಲಿ ಈ ಲಿಪಿ ಹೆಚ್ಚಿನವರಿಗೆ ಬಾರದು. ಸಾಬರಮತಿ ರಿವರ್‌ಫ್ರಂಟಿನ ಸುತ್ತಮುತ್ತ, ವಡೋದರದ ಅಲಕಾಪುರಿಯಲ್ಲಿ, ಸೂರತ್‌ನ ಡುಮಸ್ ರಸ್ತೆಯಲ್ಲಿ ಬೆಳಗಿನ ಹೊತ್ತು ಲ್ಯಾಬ್ರಡಾರ್, ಹಸ್ಕಿ, ಶಿಹ್ ಟ್ಸು, ಇಂಡಿ ಎಲ್ಲವೂ ಬಣ್ಣಬಣ್ಣದ ಹಾರ್ನೆಸ್ ತೊಟ್ಟು ನಡೆಯುತ್ತವೆ. ಆ ಬಣ್ಣವನ್ನು ಆರಿಸಿದ್ದು ಚಂದಕ್ಕೆ. ನವರಾತ್ರಿಯಲ್ಲಿ ಚನಿಯಾ ಚೋಳಿಯ ಬಟ್ಟೆಯಿಂದಲೇ ನಾಯಿಗೂ ಒಂದು ಪಟ್ಟಿ ಹೊಲಿಸಿ ಕಟ್ಟುವ ಊರುಗಳು ಇವು. ಬಾಂಧಣಿಯ ಕೆಂಪು ಇಲ್ಲಿ ಮದುವೆಯ ಬಣ್ಣ, ಅರಿಶಿನದ ಹಳದಿ ಮಂಗಳದ ಬಣ್ಣ. ಕೆಂಪು ಹಾರ್ನೆಸ್ ಕಂಡು ಯಾರೂ ಹೆಜ್ಜೆ ಹಿಂದಿಡುವುದಿಲ್ಲ. ಎಷ್ಟು ಮುದ್ದಾಗಿದೆ ಎಂದು ಬಗ್ಗಿ ತಲೆ ಸವರಲು ಬರುತ್ತಾರೆ. ಹಾಗಾಗಿ ಹೊರದೇಶದ ಬಣ್ಣಗಳ ಪಟ್ಟಿಯನ್ನು ತಂದು ಇಲ್ಲಿ ಅಂಟಿಸಿದರೆ ಕೆಲಸ ಮುಗಿಯುವುದಿಲ್ಲ. ಅಪಾಯವೂ ಹೆಚ್ಚಬಹುದು. ಕೆಂಪು ಕಟ್ಟಿದ್ದೇನೆ, ಎಚ್ಚರಿಸಿದ್ದೇನೆ, ಇನ್ನು ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುವ ಒಡೆಯ. ಬಣ್ಣ ಚೆನ್ನಾಗಿದೆ ಎಂದು ಓಡಿಬರುವ ಮಗು. ಇಬ್ಬರ ನಡುವೆ ಸಿಕ್ಕಿಬೀಳುವುದು ನಾಯಿ.

2025ರ ಮೇ ತಿಂಗಳಲ್ಲಿ ಅಹಮದಾಬಾದಿನ ಹಾಥಿಜಣದ ವಸತಿ ಸಮುಚ್ಚಯದಲ್ಲಿ ನಡೆದದ್ದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಸಾಕಿದವರ ಹಿಡಿತ ತಪ್ಪಿಸಿಕೊಂಡ ರಾಟ್‌ವೀಲರ್ ನಾಯಿಯ ಬಾಯಿಗೆ ನಾಲ್ಕು ತಿಂಗಳ ಹೆಣ್ಣು ಶಿಶು ಬಲಿಯಾಯಿತು. ಅಲ್ಲಿ ಯಾವ ಬಣ್ಣದ ಪಟ್ಟಿಯೂ ಆ ಮಗುವನ್ನು ಉಳಿಸುತ್ತಿರಲಿಲ್ಲ. ಉಳಿಸಬಹುದಾಗಿದ್ದದ್ದು ಗಟ್ಟಿಯಾದ ಹಿಡಿತ, ಕೈಯಲ್ಲಿರುವ ಪ್ರಾಣಿಯ ಮೇಲೆ ಪೂರ್ತಿ ಗಮನ. ಬಣ್ಣದ ಪರವಾಗಿ ಬರೆಯುವವರು ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಪ್ರಾಣಿಯನ್ನು ಅಜಾಗರೂಕತೆಯಿಂದ ಇಟ್ಟುಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ ಹೇಳುತ್ತದೆ. ಲೀಡಿನ ತುದಿಯಲ್ಲಿ ರಿಬ್ಬನ್ ಇತ್ತೋ ಇಲ್ಲವೋ ಎಂಬುದು ಅದಕ್ಕೆ ಮುಖ್ಯವಲ್ಲ.

ಆ ಸಾವಿನ ಬಳಿಕ ನಗರಪಾಲಿಕೆಗಳು ಬಿಗಿಯಾದವು. ಅಹಮದಾಬಾದಿನಲ್ಲಿ ಸಾಕುನಾಯಿಗಳ ನೋಂದಣಿ 2025ರ ಜನವರಿಯಲ್ಲೇ ಕಡ್ಡಾಯವಾಗಿತ್ತು, ಆರಂಭದ ಶುಲ್ಕ 200 ರೂಪಾಯಿ. ಹಾಥಿಜಣದ ನಂತರ ಜನ ಓಡಿಬಂದು ನೋಂದಾಯಿಸಿದರು. ಸೂರತ್ ಪಾಲಿಕೆ ಇನ್ನೂ ಮುಂದೆ ಹೋಯಿತು: ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಬೇಕಾದರೆ ಸೊಸೈಟಿಯ ಒಪ್ಪಿಗೆಯ ಜೊತೆಗೆ ಹತ್ತು ನೆರೆಯವರ ಆಕ್ಷೇಪಣೆ ಇಲ್ಲವೆಂಬ ಪತ್ರ ತನ್ನಿ ಎಂದಿತು. ಪ್ರಾಣಿಪ್ರಿಯರು ಸಿಟ್ಟಾದರು. ಸಿಟ್ಟಿಗೆ ಆಧಾರವಿದೆ. ಸೊಸೈಟಿಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ.

ಬಣ್ಣದ ಪ್ರಶ್ನೆ ನಿಜವಾಗಿ ಕಠಿಣವಾಗುವುದು ಇಲ್ಲಿ. ಹತ್ತು ಮನೆಯ ಸಹಿಗೆ ಅಲೆಯುತ್ತಿರುವ ಒಬ್ಬ ಹೆಂಗಸು ತನ್ನ ನಾಯಿಯ ಲೀಡಿಗೆ ಹಳದಿ ರಿಬ್ಬನ್ ಕಟ್ಟುತ್ತಾಳೆಯೇ? ನಾನಾಗಿದ್ದರೆ ಹೆದರುತ್ತಿದ್ದೆ. 'ಜಾಗ ಕೊಡಿ' ಎಂಬ ವಿನಂತಿಯನ್ನು 'ನನ್ನ ನಾಯಿ ಕಚ್ಚುತ್ತದೆ' ಎಂಬ ತಪ್ಪೊಪ್ಪಿಗೆಯಂತೆ ಓದುವ ನೆರೆಯವರು ಸಾಕಷ್ಟಿದ್ದಾರೆ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಆ ರಿಬ್ಬನ್ನಿನ ಫೋಟೊ ದೂರಿನ ಜೊತೆ ಲಗತ್ತಾಗಿ ಬರುತ್ತದೆ. ಹೀಗೆ ಅಂಜುವ ನಾಯಿಯನ್ನು ಅಂಜುವುದೆಂದು ಹೇಳಲಾಗದೆ ಒಡತಿ ಮತ್ತೆ 'ಕಾಂಈ ನಹೀ ಕರೇ' ಎನ್ನುತ್ತಾಳೆ. ಭಯದಿಂದ ಮುಚ್ಚಿಟ್ಟ ಆ ಒಂದು ಮಾತಿನಿಂದ ಎಲ್ಲರಿಗಿಂತ ಹೆಚ್ಚು ಅಪಾಯ ಮಗುವಿಗೇ. ಆದ್ದರಿಂದ ನನ್ನ ಬೇಡಿಕೆ ಪಾಲಿಕೆಗಳಿಗೆ: ಹಳದಿ ಕಟ್ಟಿದ್ದನ್ನು ನಾಯಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ, ಅದನ್ನು ಕಟ್ಟಿದವರು ಎಚ್ಚರದಿಂದಿರುವವರು ಎಂದು ಅಧಿಕೃತವಾಗಿ ಹೇಳಿ. ಈ ಒಂದು ಮಾತು ಬರುವವರೆಗೆ ಯಾರೂ ಹಳದಿ ಕಟ್ಟುವುದಿಲ್ಲ.

ಹೇಳಿದರೆ ಜನ ಕಲಿಯುತ್ತಾರೆಯೇ ಎಂಬ ಅನುಮಾನಕ್ಕೆ ಅಹಮದಾಬಾದಿನಲ್ಲೇ ಉತ್ತರವಿದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಆ ನಗರದಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚು ಸಂಭವಿಸಿದ್ದವು. 2013ರಲ್ಲಿ ಪಾಲಿಕೆಯವರೂ ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯವರೂ ಸೇರಿ ದಕ್ಷಿಣ ಏಷ್ಯಾದ ಮೊದಲ ಹೀಟ್ ಆಕ್ಷನ್ ಪ್ಲಾನ್ ಮಾಡಿದರು. ಅದರ ಬೆನ್ನೆಲುಬು ಮೂರು ಬಣ್ಣ: ಹಳದಿ, ಕಿತ್ತಳೆ, ಪಾದರಸ 45 ಡಿಗ್ರಿ ಮುಟ್ಟಿದರೆ ಕೆಂಪು. ಬಣ್ಣವನ್ನು ಘೋಷಿಸಿ ಸುಮ್ಮನಾಗಲಿಲ್ಲ. ಕೆಂಪು ಬಂದ ದಿನ ಯಾವ ಆಸ್ಪತ್ರೆ ಏನು ಮಾಡಬೇಕು, ಎಸ್ಸೆಮ್ಮೆಸ್ ಯಾರಿಗೆ ಹೋಗಬೇಕು, ಆರೋಗ್ಯ ಕಾರ್ಯಕರ್ತೆ ಕೊಳೆಗೇರಿಯಲ್ಲಿ ಏನು ಹೇಳಬೇಕು ಎಂದೆಲ್ಲ ಬರೆದಿಟ್ಟರು. ಕಸದ ಹಸಿರು ಮತ್ತು ನೀಲಿ ಡಬ್ಬಿಗಳನ್ನು ಈ ನಗರಗಳು ಕಲಿತದ್ದೂ ಹಾಗೆಯೇ, ಮನೆಮುಂದೆ ದಿನವೂ ನಿಲ್ಲುವ ಗಾಡಿಯಿಂದ. 1994ರ ಪ್ಲೇಗಿನಲ್ಲಿ ಹೆಸರು ಕೆಡಿಸಿಕೊಂಡ ಸೂರತ್ 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಜನರಿಗೆ ಕಲಿಸಿ ಅಭ್ಯಾಸವಿರುವ ಪಾಲಿಕೆಗಳು ಇವು.

ಇನ್ನೊಂದು ಪಾಠ ತಿಂಡಿಯ ಪೊಟ್ಟಣದ ಮೇಲಿದೆ. ಗುಜರಾತಿನಲ್ಲಿ ಹಸಿರು ಚುಕ್ಕೆ ನೋಡದೆ ಬಿಸ್ಕತ್ತು ಕೊಳ್ಳದ ಮನೆಗಳು ಅಸಂಖ್ಯ. ಮಾಂಸಾಹಾರದ ಚಿಹ್ನೆ ಕೂಡ ಮೊದಲು ಚುಕ್ಕೆಯೇ ಆಗಿತ್ತು, ಕಂದು ಬಣ್ಣದ್ದು. ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಆಗಿ ಕಾಣುತ್ತಿದ್ದವು. ಕೊನೆಗೆ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ನಿಯಮಗಳಲ್ಲಿ ಕಂದು ಚುಕ್ಕೆಯನ್ನು ತ್ರಿಕೋನಕ್ಕೆ ಬದಲಿಸಿತು. ನಾಯಿಯ ಹಾರ್ನೆಸ್ಸಿಗೂ ಇದೇ ವಿವೇಕ ಬೇಕು. ಕೆಂಪು ಹಸಿರಿನ ಜೋಡಿಯನ್ನು ಬಿಟ್ಟುಬಿಡಿ. ಒಂದೇ ಬಣ್ಣ ಸಾಕು, ಹಳದಿ. ಅದರ ಮೇಲೆ ದೂರದಿಂದ ಕಾಣುವ ಒಂದು ಆಕಾರ, ಜೊತೆಗೆ ದೊಡ್ಡ ಗುಜರಾತಿ ಅಕ್ಷರದಲ್ಲಿ 'ಅಡಶೋ ನಹೀ', ಮುಟ್ಟಬೇಡಿ. ಆ ಆಕಾರವನ್ನು ರಚಿಸಲು ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ, ವಡೋದರದಲ್ಲಿ ನಮ್ಮ ಕಲಾವಿದೆ ಪುಷ್ಪಮಾಲಾ ಎನ್. ಓದಿದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವಿದೆ. ಪಟ್ಟಿ ನೇಯಲು ಪಾಲಿಯೆಸ್ಟರಿನ ರಾಜಧಾನಿ ಸೂರತ್ ಇದೆ.

ಹಸಿರು ಬೇಡ ಎನ್ನಲು ನನ್ನ ಕಾರಣ ಬೇರೆಯೂ ಇದೆ. 'ಸ್ನೇಹಮಯಿ' ಎಂದು ಬರೆದ ಹಸಿರು ಪಟ್ಟಿ ಮಕ್ಕಳಿಗೆ ಪರವಾನಗಿಯಾಗುತ್ತದೆ. ದಿನವಿಡೀ ಸ್ನೇಹದಿಂದಿರುವ ನಾಯಿ ಎಲ್ಲಿದೆ? ಮಧ್ಯಾಹ್ನ ಕಿವಿನೋವು ಬಂದರೆ ಬೆಳಗಿನ ಹಸಿರು ಸುಳ್ಳಾಗುತ್ತದೆ. ಹಳದಿ ಇಲ್ಲದ ನಾಯಿಯನ್ನು ಕೇಳದೆ ಮುಟ್ಟಬಹುದು ಎಂಬ ತಪ್ಪು ತಿಳಿವಳಿಕೆಯನ್ನೂ ಶಾಲೆಯಲ್ಲೇ ಅಳಿಸಬೇಕು. ತಳಿಯ ಹೆಸರೂ ಇದಕ್ಕೆ ಬದಲಿಯಲ್ಲ. ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ನಿಷೇಧಿಸಲು ಕೇಂದ್ರ 2024ರ ಮಾರ್ಚಿನಲ್ಲಿ ರಾಜ್ಯಗಳಿಗೆ ಬರೆದ ಪತ್ರವನ್ನು ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ತಳಿಪಟ್ಟಿ ಇದ್ದರೂ ಇಲ್ಲದಿದ್ದರೂ, ಎದುರಿಗಿರುವ ಆ ಒಂದು ನಾಯಿ ಆ ಹೊತ್ತಿಗೆ ಹೇಗಿದೆ ಎಂದು ತಿಳಿಯುವ ಕೆಲಸ ಉಳಿದೇ ಇರುತ್ತದೆ.

ಬೀದಿನಾಯಿಗಳ ವಿಷಯದಲ್ಲಿ ಸ್ವೀಡನ್ನಿನ ಲೆಕ್ಕ ಪೂರ್ತಿ ತಪ್ಪುತ್ತದೆ. ಅಲ್ಲಿ ಎದುರು ಬರುವ ನಾಯಿಯ ಕೊರಳಲ್ಲೂ ಪಟ್ಟಿ ಇರುತ್ತದೆ, ಹಿಡಿದವನಿಗೆ ಹಳದಿ ಕಾಣುತ್ತದೆ. ಇಲ್ಲಿ ಎದುರು ಬರುವುದು ಪೋಳ್ ಎಂಬ ಹಳೆಯ ಕೇರಿಯ ಬಾಗಿಲಲ್ಲಿ ರೊಟ್ಟಿ ತಿಂದು ಬೆಳೆದ, ಆ ಗಲ್ಲಿ ತನ್ನದೆಂದು ತಿಳಿದ ನಾಯಿ. ಉತ್ತರಾಯಣಕ್ಕೆ ಹಳ್ಳಿಗಳಲ್ಲಿ ನಾಯಿಗಳಿಗೆಂದೇ ಲಾಡು ಕಟ್ಟುವ ನಾಡು ಗುಜರಾತ್. ಆ ಪ್ರೀತಿ ದೊಡ್ಡದು. 2023ರ ಫೆಬ್ರವರಿಯಲ್ಲಿ ಸೂರತ್‌ನ ಖಜೋದ್‌ನಲ್ಲಿ ಕೂಲಿ ಕುಟುಂಬದ ಎರಡು ವರ್ಷದ ಮಗು ಬೀದಿನಾಯಿಗಳ ದಾಳಿಗೆ ಸತ್ತದ್ದೂ ಅದೇ ನಾಡಿನಲ್ಲಿ. ಬೀದಿನಾಯಿಯ ಮೈಮೇಲೆ ಓದಬೇಕಾದ ಗುರುತು ಕತ್ತರಿಸಿದ ಕಿವಿತುದಿ. ಸಂತಾನಹರಣ ಆಗಿದೆ, ರೇಬಿಸ್ ಲಸಿಕೆ ಬಿದ್ದಿದೆ ಎಂದು ಅದು ಹೇಳುತ್ತದೆ. ಸ್ವಭಾವದ ಬಗ್ಗೆ ಏನೂ ಹೇಳುವುದಿಲ್ಲ. ಅನ್ನ ಹಾಕುವವರು ಪ್ರೀತಿಯಿಂದ ಕಟ್ಟುವ ಕೆಂಪು ಪಟ್ಟಿಯೂ ಹೇಳುವುದಿಲ್ಲ, ಮರಿಗೆ ಕಟ್ಟಿದ್ದಾದರೆ ಕುತ್ತಿಗೆ ಬೆಳೆದಂತೆ ಬಿಗಿದು ಗಾಯವನ್ನೂ ಮಾಡುತ್ತದೆ. ದಯವಿಟ್ಟು ಸಡಿಲಿಸಿ.

ಇನ್ನು ಸೂರತ್‌ನ ಆ ಹತ್ತು ಸಹಿ. ನಿಯಮ ನನಗೆ ಒಪ್ಪಿಗೆಯಿಲ್ಲ. ನ್ಯಾಯಾಲಯದಲ್ಲಿ ಅದು ನಿಲ್ಲುವ ನಂಬಿಕೆಯೂ ನನಗಿಲ್ಲ. ಆದರೆ ಅದು ಇರುವಷ್ಟು ದಿನ ಸಾಕುವವರು ಹೇಗೂ ಹತ್ತು ಬಾಗಿಲು ತಟ್ಟಬೇಕು. ಬರಿಗೈಯಲ್ಲಿ ಸಹಿ ಕೇಳುವ ಬದಲು ಪಾಲಿಕೆಯೇ ಅಚ್ಚುಹಾಕಿಸಿದ ಒಂದು ಪುಟ ಕೈಯಲ್ಲಿರಲಿ: ಹಳದಿ ಕಂಡರೆ ಎರಡು ಮಾರು ದೂರ, ಲಿಫ್ಟಿನಲ್ಲಿದ್ದರೆ ಮುಂದಿನ ಸಲಕ್ಕೆ ಕಾಯುವುದು, ಮುಟ್ಟುವ ಮೊದಲು ಕೇಳುವುದು, ನಾಯಿ ಮುಖ ತಿರುಗಿಸಿದರೆ ಕೈ ಹಿಂದಕ್ಕೆ ತೆಗೆಯುವುದು, ಕಟ್ಟಿದವರ ಮೇಲೆ ಇದರಿಂದ ದೂರು ಕೊಡುವಂತಿಲ್ಲ. ಅದನ್ನು ಗುಜರಾತಿಯಲ್ಲೂ ಹಿಂದಿಯಲ್ಲೂ ಅಚ್ಚುಹಾಕಿಸಬೇಕು. ಸೂರತ್‌ನ ಮಗ್ಗಗಳ ಸುತ್ತ ಒಡಿಯಾ ಮಾತಾಡುವ ಮಂದಿ ಬಹಳ, ಒಡಿಯಾದಲ್ಲೂ ಬೇಕು. ಬಾಗಿಲು ತೆರೆದ ಮನೆಯಲ್ಲಿ ಮಗುವಿದ್ದರೆ ಸಹಿಗಿಂತ ಮೊದಲು ಆ ಮಗುವಿಗೆ ಓದಿ ಹೇಳಬೇಕು.